ಸಾರದೆ ನಡೆದ ಯುದ್ಧಗಳು: ಅಮೆರಿಕದ ಅಧ್ಯಕ್ಷರ ಕೈಸೇರಿದ ಅಧಿಕಾರ

ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕೊನೆಯ ಬಾರಿಗೆ ವಿಧ್ಯುಕ್ತವಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ ಮತ್ತು ರುಮೇನಿಯಾಗಳ ಮೇಲೆ. ಆಮೇಲೆ ಕೊರಿಯಾ, ವಿಯೆಟ್ನಾಂ, ಅಫ್ಗಾನಿಸ್ತಾನ, ಇರಾಕ್‌ಗಳಲ್ಲಿ ಆ ದೇಶದ ಸೈನಿಕರು ವರ್ಷಗಟ್ಟಲೆ ಕಾದಾಡಿದರೂ ಅವುಗಳಲ್ಲಿ ಒಂದಕ್ಕೂ ಅಂಥ ಘೋಷಣೆ ಇರಲಿಲ್ಲ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಚರ್ಚೆಗೆ ಬಂದ ಸಂವಿಧಾನದ ಕರಡಿನಲ್ಲಿ ಯುದ್ಧ ‘ಮಾಡುವ’ ಅಧಿಕಾರ ಕಾಂಗ್ರೆಸ್ಸಿನದಾಗಿತ್ತು. ಜೇಮ್ಸ್ ಮ್ಯಾಡಿಸನ್ ಮತ್ತು ಎಲ್‌ಬ್ರಿಜ್ ಗೆರಿ ಅದನ್ನು ‘ಸಾರುವ’ ಅಧಿಕಾರವೆಂದು ತಿದ್ದಿಸಿದರು. ಹಠಾತ್ ದಾಳಿಯನ್ನು ಹಿಮ್ಮೆಟ್ಟಿಸಲು ಅಧ್ಯಕ್ಷರಿಗೆ ಅವಕಾಶವಿರಲಿ ಎಂಬುದು ಅವರ ಉದ್ದೇಶ. ಒಂದು ಕ್ರಿಯಾಪದ ಬದಲಾದದ್ದರಿಂದ ಉಂಟಾದ ಈ ಸಣ್ಣ ಸಂದಿ ಮುಂದೆ ಹೆಬ್ಬಾಗಿಲಾಯಿತು.

ಲಿಂಕನ್ನರ ಬದುಕಿನಲ್ಲೇ ಈ ಬದಲಾವಣೆ ಕಾಣುತ್ತದೆ. 1847ರಲ್ಲಿ ಪ್ರತಿನಿಧಿ ಸಭೆಯ ಹೊಸ ಸದಸ್ಯರಾಗಿದ್ದ ಅವರು, ಅಮೆರಿಕದ ನೆಲದ ಮೇಲೆ ಮೊದಲು ರಕ್ತ ಬಿದ್ದ ಜಾಗ ಯಾವುದೆಂದು ತೋರಿಸಿ ಎಂದು, ನಮ್ಮ ನೆಲದಲ್ಲೇ ಮೆಕ್ಸಿಕೊ ರಕ್ತ ಹರಿಸಿತು ಎಂದು ಹೇಳಿ ಆ ದೇಶದೊಂದಿಗಿನ ಯುದ್ಧಕ್ಕೆ ಅಮೆರಿಕವನ್ನು ಎಳೆದ ಅಧ್ಯಕ್ಷ ಪೋಕ್ ಅವರನ್ನು ಪಟ್ಟುಹಿಡಿದು ಕೇಳಿದ್ದರು. ಅದೇ ಲಿಂಕನ್ 1861ರಲ್ಲಿ ಅಧ್ಯಕ್ಷರಾದಾಗ, ಕಾಂಗ್ರೆಸ್ ಅಧಿವೇಶನವೇ ಇಲ್ಲದ ಹೊತ್ತಿನಲ್ಲಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು, ಬಂಧನವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಟ್ಟರು. ದಿಗ್ಬಂಧನವನ್ನು ಸುಪ್ರೀಂ ಕೋರ್ಟ್ 1863ರಲ್ಲಿ ಎತ್ತಿಹಿಡಿಯಿತು, ಆದರೆ 5–4ರ ಅಂತರದಲ್ಲಿ.

ಅದು ಅಂತರ್ಯುದ್ಧದ ಕಾಲ. 1950ರಲ್ಲಿ ಟ್ರೂಮನ್ ಕೊರಿಯಾಕ್ಕೆ ಸೇನೆ ಕಳುಹಿಸಿದಾಗ ಅದನ್ನು ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆಯಲಾಯಿತು, ಕಾಂಗ್ರೆಸ್ಸಿನ ಅನುಮತಿಯನ್ನು ಕೇಳಲೇ ಇಲ್ಲ. 1952ರಲ್ಲಿ ಅವರು ಯುದ್ಧಕ್ಕೆ ಬೇಕಾದ ಉಕ್ಕಿನ ಉತ್ಪಾದನೆ ನಿಲ್ಲಬಾರದೆಂದು ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಾಗ ನ್ಯಾಯಾಲಯ ತಡೆಯಿತಾದರೂ ಯುದ್ಧ ನಿಲ್ಲಲಿಲ್ಲ. 1964ರಲ್ಲಂತೂ ಕಾಂಗ್ರೆಸ್ಸೇ ಟಾಂಕಿನ್ ಕೊಲ್ಲಿ ನಿರ್ಣಯದ ಮೂಲಕ ಜಾನ್ಸನ್‌ಗೆ ವಿಯೆಟ್ನಾಂನಲ್ಲಿ ಮುಕ್ತ ಹಸ್ತ ನೀಡಿತು. ಪ್ರತಿನಿಧಿ ಸಭೆಯಲ್ಲಿ ವಿರೋಧದ ಮತ ಒಂದೂ ಇಲ್ಲ, ಸೆನೆಟ್‌ನಲ್ಲಿ ಎರಡೇ. ಅಧ್ಯಕ್ಷರು ಕಿತ್ತುಕೊಂಡದ್ದಕ್ಕಿಂತ ಕಾಂಗ್ರೆಸ್ ತಾನಾಗಿ ಬಿಟ್ಟುಕೊಟ್ಟದ್ದೇ ಹೆಚ್ಚು ಎಂದು ಅನ್ನಿಸುವುದು ಇಲ್ಲಿಯೇ.

ಪಶ್ಚಾತ್ತಾಪವೆಂಬಂತೆ, 1973ರಲ್ಲಿ ನಿಕ್ಸನ್ ಅವರ ವೀಟೋವನ್ನು ಮೀರಿ ಯುದ್ಧಾಧಿಕಾರ ಕಾಯ್ದೆ ಬಂತು. ಸೇನೆ ಕಳುಹಿಸಿದ 48 ಗಂಟೆಗಳೊಳಗೆ ವರದಿ ಕೊಡಬೇಕು, ಅನುಮತಿ ಸಿಗದಿದ್ದರೆ 60 ದಿನಗಳಲ್ಲಿ ಕಾರ್ಯಾಚರಣೆ ಮುಗಿಸಬೇಕು, ವಾಪಸಾತಿಗೆ ಇನ್ನೂ 30 ದಿನ ಸಿಗಬಹುದು. 2011ರಲ್ಲಿ ಲಿಬಿಯಾದ ಮೇಲಿನ ಬಾಂಬ್ ದಾಳಿ ಈ ಗಡುವನ್ನು ದಾಟಿದಾಗ, ಇದು ಕಾಯ್ದೆ ಹೇಳುವ ಅರ್ಥದ ‘ಕದನ’ವೇ ಅಲ್ಲ ಎಂದು ಒಬಾಮ ಸರ್ಕಾರ ವಾದಿಸಿತು.

ಅಧ್ಯಕ್ಷರ ಸಹಿಯಿಲ್ಲದೆಯೇ, ಎರಡೂ ಸದನಗಳ ನಿರ್ಣಯದಿಂದ ಸೇನೆಯನ್ನು ಹಿಂದಕ್ಕೆ ಕರೆಸುವ ಅವಕಾಶವೂ ಆ ಕಾಯ್ದೆಯಲ್ಲಿತ್ತು. ಅದರ ಬುಡ ಅಲುಗಾಡಿಸಿದ್ದು, ಯುದ್ಧಕ್ಕೆ ಸಂಬಂಧವೇ ಇಲ್ಲದ 1983ರ ಒಂದು ತೀರ್ಪು: ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ಜಗದೀಶ್ ರಾಯ್ ಛಡ್ಡಾ ಅವರ ಗಡೀಪಾರಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇಂಥ ಶಾಸನಾತ್ಮಕ ವೀಟೋ ಅಸಾಂವಿಧಾನಿಕವೆಂದಿತು. ಹಾಗಾಗಿ ಈಗ ಅಧ್ಯಕ್ಷರನ್ನು ತಡೆಯಬೇಕಾದರೆ ಅವರ ವೀಟೋ ಮೀರಲು ಮೂರನೇ ಎರಡರಷ್ಟು ಬಹುಮತವೇ ಬೇಕು. ಯೆಮನ್ ಕುರಿತ ನಿರ್ಣಯವನ್ನು ಟ್ರಂಪ್ 2019ರಲ್ಲಿ ತಿರಸ್ಕರಿಸಿದ ಮೇಲೆ 100 ಸದಸ್ಯರ ಸೆನೆಟ್‌ನಲ್ಲಿ ಅದರ ಪರ ಬಿದ್ದದ್ದು 53 ಮತ, ಮರುವರ್ಷ ಇರಾನ್ ಕುರಿತ ನಿರ್ಣಯಕ್ಕೆ 49.