ಹೆಸರಿನ ಸಾಲಲ್ಲೇ ನಿಂತುಹೋಗುವ ಅರ್ಜಿಗಳು

ಕೆಲಸಕ್ಕೆ ಅರ್ಜಿ ಹಾಕಿ ಕರೆ ಬರದಿದ್ದರೆ, ಯಾಕೆ ಬರಲಿಲ್ಲ ಅಂತ ಯಾರೂ ಹೇಳುವುದಿಲ್ಲ. ಇನ್ನೊಬ್ಬರಿಗೆ ಅನುಭವ ಜಾಸ್ತಿ ಇತ್ತೋ, ಜಾಗ ಆಗಲೇ ತುಂಬಿತ್ತೋ, ಇಲ್ಲಾ ಹೆಸರು ನೋಡಿಯೇ ಬದಿಗಿಟ್ಟರೋ, ತಿಳಿಯುವ ದಾರಿಯೇ ಇಲ್ಲ. ಕೇಳಿದರೆ ‘ನಾವು ಅರ್ಹತೆ ಮಾತ್ರ ನೋಡ್ತೀವಿ’ ಅನ್ನುತ್ತಾರೆ. ಎಷ್ಟೋ ಸಲ ಅವರು ಅದನ್ನು ಮನಸಾರೆ ನಂಬಿಯೂ ಇರುತ್ತಾರೆ. ಹಾಗಾದರೆ ತಾರತಮ್ಯ ನಡೆಯಿತು ಅಂತ ತೋರಿಸುವುದು ಹೇಗೆ?

ಇದಕ್ಕೆ ಸಿಕ್ಕ ಉಪಾಯ ಸ್ವಲ್ಪ ಕಿಲಾಡಿತನದ್ದು. ಒಂದೇ ಓದು, ಒಂದೇ ಮಟ್ಟದ ಅನುಭವ ಇರುವ ಸುಳ್ಳು ಅರ್ಜಿಗಳನ್ನು ತಯಾರಿಸುವುದು. ಹೆಸರೋ ಹುಟ್ಟಿದ ಊರೋ, ಒಂದು ವಿವರ ಮಾತ್ರ ಬದಲಿಸುವುದು. ಕಳಿಸಿ, ಯಾವುದಕ್ಕೆ ಉತ್ತರ ಬಂತು ಅಂತ ಎಣಿಸುವುದು. ಬ್ರಿಟನ್‌ನಲ್ಲಿ 1960ರ ದಶಕದ ಕೊನೆಗೆ ಇಂಥ ಪರೀಕ್ಷೆ ಶುರುವಾಯಿತು. ಮೊದಲು ಬೇರೆ ಬೇರೆ ಮೂಲದ ಜನರನ್ನೇ ಕೆಲಸ ಕೇಳಲು ಕಳಿಸಿ ನೋಡಿದರು. ಅದರ ವರದಿ ಬಂದ ಬೆನ್ನಿಗೇ, ತಾರತಮ್ಯ ತಡೆಯುವ 1968ರ ಜನಾಂಗ ಸಂಬಂಧ ಕಾಯ್ದೆ ಉದ್ಯೋಗಕ್ಕೂ ಅನ್ವಯವಾಯಿತು. ಆದರೆ ಮನುಷ್ಯರನ್ನು ಕಳಿಸಿದರೆ ಒಬ್ಬರ ಮಾತಿನ ಧಾಟಿ, ನಗು ಇನ್ನೊಬ್ಬರ ಹಾಗಿರುವುದಿಲ್ಲ. ಕಾಗದಕ್ಕೆ ಆ ತೊಂದರೆ ಇಲ್ಲ. ರೋಜರ್ ಜೋವೆಲ್ ಮತ್ತು ಪೆಟ್ರೀಷಿಯಾ ಪ್ರೆಸ್ಕಾಟ್-ಕ್ಲಾರ್ಕ್ ಅಂಚೆಯಲ್ಲಿ ಅರ್ಜಿ ಕಳಿಸಿ ನೋಡಿದ ಅಧ್ಯಯನ 1970ರಲ್ಲಿ ಪ್ರಕಟವಾಯಿತು. ಈಗಿನ ಇಂಥ ಪ್ರಯೋಗಗಳಿಗೆಲ್ಲ ಅದೇ ಮೂಲ.

ಅದೇ ಹೊತ್ತಿಗೆ ಅರ್ಥಶಾಸ್ತ್ರಜ್ಞರೂ ಈ ಕಡೆ ತಿರುಗಿದ್ದರು. ಕೆಲವು ಮಾಲೀಕರಿಗೆ ಕೆಲವು ಜನ ಹಿಡಿಸುವುದಿಲ್ಲ, ಅಷ್ಟೇ ಎಂದು ಗ್ಯಾರಿ ಬೆಕರ್ 1957ರಲ್ಲೇ ಬರೆದಿದ್ದ. 1970ರ ದಶಕದ ಆರಂಭದಲ್ಲಿ ಕೆನೆತ್ ಆ್ಯರೋ ಮತ್ತು ಎಡ್ಮಂಡ್ ಫೆಲ್ಪ್ಸ್ ಬೇರೆ ಮಾತು ಹೇಳಿದರು. ಎದುರಿಗಿರುವ ವ್ಯಕ್ತಿಯ ಬಗ್ಗೆ ಪೂರ್ತಿ ಗೊತ್ತಿಲ್ಲದಾಗ, ಅವರ ಗುಂಪಿನ ಬಗ್ಗೆ ತಲೆಯಲ್ಲಿರುವ ಅಂದಾಜನ್ನೇ ಮಾಲೀಕ ಅವರಿಗೂ ಅಂಟಿಸುತ್ತಾನೆ. ದ್ವೇಷ ಇರಲೇಬೇಕು ಅಂತೇನೂ ಇಲ್ಲ. ನನಗೆ ಈ ಎರಡನೆಯದೇ ಹೆಚ್ಚು ಭಯ ಹುಟ್ಟಿಸುವುದು. ದ್ವೇಷವಾದರೆ ಕಣ್ಣಿಗೆ ಕಾಣುತ್ತದೆ, ಅಂದಾಜು ಜಾಣತನದ ವೇಷದಲ್ಲಿ ಬರುತ್ತದೆ.

ಈ ವಿಷಯ ಮನೆಮಾತಾದದ್ದು ಅರ್ಥಶಾಸ್ತ್ರಜ್ಞರಾದ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಅಮೆರಿಕದ ಬಾಸ್ಟನ್, ಶಿಕಾಗೊಗಳಲ್ಲಿ ನಡೆಸಿದ ಪ್ರಯೋಗದಿಂದ. ಅವರ ತಯಾರಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಮ್ಯಾಸಚೂಸೆಟ್ಸ್‌ನ ಜನನ ದಾಖಲೆಗಳಲ್ಲಿ ಹುಡುಕಿ, ಬಿಳಿಯರಲ್ಲೇ ಹೆಚ್ಚಾಗಿರುವ ಎಮಿಲಿ, ಗ್ರೆಗ್ ಥರದ ಹೆಸರು, ಕಪ್ಪು ಜನರಲ್ಲೇ ಹೆಚ್ಚಾಗಿರುವ ಲಕೀಶಾ, ಜಮಾಲ್ ಥರದ ಹೆಸರು ಆರಿಸಿದರು. ಕರೆ ಬಂದರೆ ದಾಖಲಾಗಲಿ ಅಂತ ವಾಯ್ಸ್ ಮೇಲ್ ನಂಬರ್ ಇಟ್ಟರು. ಅದರಲ್ಲಿ ಕೇಳುವ ಧ್ವನಿಯೂ ಹೆಸರಿಗೆ ಹೊಂದುವಂತೆ ನೋಡಿಕೊಂಡರು. ಸುಮಾರು 5,000 ರೆಸ್ಯೂಮೆ ಹೋದವು. ಬಿಳಿ ಹೆಸರಿನವರು 10 ಅರ್ಜಿ ಹಾಕಿದರೆ ಒಂದು ಕರೆ. ಕಪ್ಪು ಹೆಸರಿನವರಿಗೆ ಅದೇ ಒಂದು ಕರೆಗೆ 15 ಅರ್ಜಿ ಬೇಕಾಯಿತು.

2004ರಲ್ಲಿ ಬಂದ ಆ ಪ್ರಬಂಧದಲ್ಲಿ ಇದಕ್ಕಿಂತ ಚುಚ್ಚುವ ಮಾತು ಇನ್ನೊಂದಿದೆ. ಅನುಭವ ಹೆಚ್ಚಿಸಿ, ನಡುವಿನ ಗ್ಯಾಪ್ ತುಂಬಿಸಿ, ಸರ್ಟಿಫಿಕೇಟ್ ಸೇರಿಸಿ ರೆಸ್ಯೂಮೆ ಚೆಂದ ಮಾಡಿದರೆ ಬಿಳಿ ಹೆಸರಿಗೆ ಕರೆಗಳು ಶೇ 30ರಷ್ಟು ಹೆಚ್ಚಿದವು. ಕಪ್ಪು ಹೆಸರಿಗೆ ಹೆಚ್ಚಿದ್ದು ತೀರಾ ಕಡಿಮೆ. ‘ಚೆನ್ನಾಗಿ ಓದಿ, ಸ್ಕಿಲ್ ಬೆಳೆಸಿಕೊಳ್ಳಿ, ಎಲ್ಲ ಸರಿ ಹೋಗುತ್ತೆ’ ಅನ್ನುವ ಬುದ್ಧಿವಾದ ಇಲ್ಲಿ ಅರ್ಧಕ್ಕೇ ನಿಲ್ಲುತ್ತದೆ ಅಲ್ವಾ? ಅರ್ಜಿಯನ್ನು ಪೂರ್ತಿ ಓದಿದರೆ ತಾನೇ ಆ ಸ್ಕಿಲ್ ಕಾಣುವುದು.

ಭಾರತದಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ದಾರಿ ಹಿಡಿದಿದ್ದರು. ಒಟ್ಟು 4,808 ಅರ್ಜಿ. ಖಾಸಗಿ ಕಂಪನಿಗಳಿಂದ ದಲಿತ, ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಮೇಲ್ಜಾತಿಯ ಹೆಸರಿಗಿಂತ ಕಡಿಮೆ ಇತ್ತು. ಎರಡು ವರ್ಷದ ನಂತರ ದೆಹಲಿಯ ಇನ್ನೊಂದು ಅಧ್ಯಯನದಲ್ಲಿ ಕಾಲ್ ಸೆಂಟರ್ ಕೆಲಸಗಳಲ್ಲಿ ಜಾತಿಯ ಅಂತರ ಕಾಣಿಸಿತು, ಸಾಫ್ಟ್‌ವೇರ್ ಕೆಲಸಗಳಲ್ಲಿ ಹೇಳಿಕೊಳ್ಳುವಷ್ಟು ಕಾಣಿಸಲಿಲ್ಲ.

ಹೆಸರಷ್ಟೇ ಅಲ್ಲ, ಸುಮ್ನೆ ಮನೆಯಲ್ಲಿ ಕೂತ ತಿಂಗಳುಗಳಿಗೂ ಬೆಲೆ ತೆರಬೇಕು. ಅಮೆರಿಕದಲ್ಲಿ ಸುಮಾರು 12,000 ರೆಸ್ಯೂಮೆ ಕಳಿಸಿದ ಅಧ್ಯಯನವೊಂದು 2013ರಲ್ಲಿ ಬಂತು. ಕೆಲಸವಿಲ್ಲದ ಅವಧಿ ಉದ್ದವಾದಷ್ಟೂ ಕರೆ ಕಡಿಮೆ. ಆ ಇಳಿಕೆಯ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಆಗಿಬಿಡುತ್ತದೆ.

ಹಾಗಾದರೆ ತೊಂದರೆ ಕೊಡುವ ವಿವರವನ್ನೇ ಅರ್ಜಿಯಿಂದ ತೆಗೆದುಬಿಟ್ಟರೆ? ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಸಮಾಜಶಾಸ್ತ್ರಜ್ಞೆ ಡೆವಾ ಪೇಜರ್ ಅಮೆರಿಕದ ಮಿಲ್ವಾಕಿ ನಗರದಲ್ಲಿ ನಡೆಸಿದ ಪ್ರಯೋಗವನ್ನು 2003ರಲ್ಲಿ ಪ್ರಕಟಿಸಿದ್ದರು. ಜೈಲಿಗೆ ಹೋಗಿ ಬಂದ ಬಿಳಿಯನಿಗೆ ಶೇ 17 ಕಡೆಯಿಂದ ಕರೆ ಬಂದರೆ, ಯಾವ ಕೇಸೂ ಇಲ್ಲದ ಕಪ್ಪು ಯುವಕನಿಗೆ ಶೇ 14. ಅಪರಾಧದ ಹಿನ್ನೆಲೆ ಇದೆಯೇ ಅಂತ ಕೇಳುವ ಕಾಲಂ ಅನ್ನು ಅರ್ಜಿಯಿಂದ ಕಿತ್ತುಹಾಕಿ ಅನ್ನುವ ಚಳವಳಿಗೆ ಇದರಿಂದ ಬಲ ಬಂತು. ಹವಾಯಿ ರಾಜ್ಯ 1998ರಲ್ಲೇ ಅಂಥ ಕಾನೂನು ತಂದಿತ್ತು.

ಉದ್ದೇಶ ಒಳ್ಳೆಯದೇ. ಆದರೆ ಅಮಂಡಾ ಅಗನ್ ಮತ್ತು ಸೊಂಜಾ ಸ್ಟಾರ್ ನ್ಯೂಜೆರ್ಸಿ ರಾಜ್ಯ ಮತ್ತು ನ್ಯೂಯಾರ್ಕ್ ನಗರದಲ್ಲಿ ಕಾನೂನು ಬರುವ ಮೊದಲು, ಬಂದ ಮೇಲೆ ಅಂತ ಸುಮಾರು 15,000 ಅರ್ಜಿ ಕಳಿಸಿ ನೋಡಿದರು. ಆ ಕಾಲಂ ಇದ್ದ ಕಂಪನಿಗಳಲ್ಲಿ ಮೊದಲು ಬಿಳಿಯರಿಗೆ ಕರೆ ಶೇ 7ರಷ್ಟು ಹೆಚ್ಚು. ಕಾಲಂ ಹೋದ ಮೇಲೆ ಅಂತರ ಶೇ 43ಕ್ಕೆ ಏರಿತು! ಪ್ರಶ್ನೆ ಕೇಳುವಂತಿಲ್ಲ ಅಂದ ಕೂಡಲೇ ಮಾಲೀಕರು ಹೆಸರು ನೋಡಿ ಉತ್ತರ ಊಹಿಸತೊಡಗಿದರು. ಆ್ಯರೋ, ಫೆಲ್ಪ್ಸ್ ಹೇಳಿದ ಅಂದಾಜು ಇದೇ.

ಫ್ರಾನ್ಸ್‌ನದು ಇನ್ನೂ ವಿಚಿತ್ರ. ಹೆಸರಿಲ್ಲದ ರೆಸ್ಯೂಮೆಗೆ 2006ರಲ್ಲಿ ಕಾನೂನು ಮಾಡಿ, ಜಾರಿಗೆ ಮುಂಚೆ ಪರೀಕ್ಷಿಸಿದರು. ವಲಸೆ ಮೂಲದವರಿಗೆ ಕರೆ ಇನ್ನೂ ಕಡಿಮೆಯಾಯಿತು. ಯಾಕೆಂದರೆ ಪ್ರಯೋಗಕ್ಕೆ ತಾವಾಗಿ ಮುಂದೆ ಬಂದ ಕಂಪನಿಗಳು ಮೊದಲೇ ಅಷ್ಟೋ ಇಷ್ಟೋ ಒಳ್ಳೆಯವು. ಹಿನ್ನೆಲೆ ಗೊತ್ತಿದ್ದರೆ ರೆಸ್ಯೂಮೆಯ ಸಣ್ಣಪುಟ್ಟ ಕೊರತೆಗಳನ್ನು ಅವು ಮನ್ನಿಸುತ್ತಿದ್ದವು. ಹೆಸರು ಮುಚ್ಚಿದಾಗ ಆ ಅವಕಾಶವೂ ಹೋಯಿತು. 2015ರಲ್ಲಿ ಸರ್ಕಾರ ಅದನ್ನು ಐಚ್ಛಿಕ ಮಾಡಿತು.

ಯಂತ್ರಕ್ಕೆ ಬಿಟ್ಟರೂ ಬಿಡುಗಡೆ ಇಲ್ಲ. ಹಳೆಯ ರೆಸ್ಯೂಮೆಗಳಿಂದ ಕಲಿತ ಅಮೆಜಾನ್‌ನ ಸಾಫ್ಟ್‌ವೇರ್ ‘ಮಹಿಳೆಯರ’ ಅನ್ನುವ ಪದ ಕಂಡರೆ ಅಂಕ ಕಳೆಯುತ್ತಿತ್ತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತು. ಕಂಪನಿ ಅಷ್ಟರಲ್ಲಿ ಅದನ್ನು ಕೈಬಿಟ್ಟಿತ್ತು.

ಸಮಸ್ಯೆ ಎಲ್ಲಾ ಕಡೆ ಒಂದೇ ಥರ ಹರಡಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆವು. ಪ್ಯಾಟ್ರಿಕ್ ಕ್ಲೈನ್, ಇವಾನ್ ರೋಸ್, ಕ್ರಿಸ್ಟೋಫರ್ ವಾಲ್ಟರ್ಸ್ 2022ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನು ಬದಲಿಸಿತು. ಅಮೆರಿಕದ 108 ದೊಡ್ಡ ಕಂಪನಿಗಳಿಗೆ ಅವರು ಸುಮಾರು 83,000 ಅರ್ಜಿ ಕಳಿಸಿದ್ದರು. ಕಪ್ಪು ಹೆಸರುಗಳು ಕಳೆದುಕೊಂಡ ಕರೆಗಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟಕ್ಕೆ ಐದರಲ್ಲಿ ಒಂದು ಪಾಲು ಕಂಪನಿಗಳೇ ಕಾರಣ. ಗಂಡು-ಹೆಣ್ಣಿನ ಸರಾಸರಿ ಅಂತರ ಏನೂ ಇಲ್ಲ ಅನ್ನುವಂತಿತ್ತು, ಆದರೆ ಒಳಗೆ ನೋಡಿದರೆ ಕೆಲವು ಕಂಪನಿ ಗಂಡಸರ ಪರ, ಕೆಲವು ಹೆಂಗಸರ ಪರ. ಅರ್ಜಿ ನೋಡುವ ಕೆಲಸ ಒಂದೇ ಕಡೆ ಕೇಂದ್ರೀಕೃತವಾಗಿ ನಡೆಯುವ ಕಂಪನಿಗಳಲ್ಲಿ ಬಣ್ಣದ ಅಂತರ ಕಡಿಮೆ ಇತ್ತು. 2024ರಲ್ಲಿ ಅವರು ಕಂಪನಿಗಳಿಗೆ ಹೆಸರು ಸಮೇತ ಗ್ರೇಡ್ ಕೊಟ್ಟೂ ಬಿಟ್ಟರು.