ಕಣಜ ಕಟ್ಟಹೊರಟವನ ತಪ್ಪು ಯಾವುದು? (ಲೂಕ 12:13–34)

ಯೇಸು ಹೇಳಿದ ಈ ಸಾಮ್ಯವನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಹೆಚ್ಚಿನವರು 16ನೇ ವಚನದಿಂದ ಓದಲು ಶುರುಮಾಡುತ್ತಾರೆ. 13ರಿಂದ ಓದಿ. ಗುಂಪಿನಲ್ಲಿದ್ದ ಒಬ್ಬ, ತಂದೆಯ ಆಸ್ತಿಯಲ್ಲಿ ತನಗೆ ಪಾಲು ಕೊಡುವಂತೆ ಸಹೋದರನಿಗೆ ಹೇಳಿ ಎಂದು ಯೇಸುಸ್ವಾಮಿಯನ್ನು ಕೇಳುತ್ತಾನೆ. ತೀರ್ಥಹಳ್ಳಿ, ಸಾಗರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತೋಟ ಹಿಸ್ಸೆಯಾಗುವಾಗ ಬಾವಿ ಯಾರಿಗೆ, ಅಡಿಕೆ ಒಣಗಿಸುವ ಅಂಗಳ ಯಾರಿಗೆ ಎಂಬಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ನಾವೆಲ್ಲ ನೋಡಿದ್ದೇವೆ. ಯೇಸು ಪಂಚಾಯ್ತಿಗೆ ಕೂರುವುದಿಲ್ಲ. ಅವನು ಕೇಳಿದ ಪಾಲು ನ್ಯಾಯವೋ ಅನ್ಯಾಯವೋ ಎಂದೂ ಹೇಳುವುದಿಲ್ಲ. ಲೋಭದ ವಿಷಯದಲ್ಲಿ ಎಚ್ಚರ ಎನ್ನುತ್ತಾರೆ. ನ್ಯಾಯವಾಗಿ ಬರಬೇಕಾದ ಪಾಲಿನಲ್ಲೂ ಲೋಭ ಸೇರಿಕೊಳ್ಳಬಹುದು ಅಂತಾಯಿತು.

ಈಗ ಸಾಮ್ಯಕ್ಕೆ ಬನ್ನಿ. ಈ ಐಶ್ವರ್ಯವಂತ ಕದ್ದವನಲ್ಲ. ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೆ. ಬೆಳೆ ತುಂಬಿಡಲು ಜಾಗ ಸಾಲದೆ, ಇದ್ದ ಕಣಜ ಕೆಡವಿ ದೊಡ್ಡದು ಕಟ್ಟಿ, ಇನ್ನು ಬಹಳ ವರ್ಷ ತಿಂದು ಕುಡಿದು ಸುಖವಾಗಿರೋಣ ಎಂದುಕೊಂಡ. ಕೂಡಿಟ್ಟಿದ್ದೇ ತಪ್ಪು ಅನ್ನೋಣವೆಂದರೆ ಆದಿಕಾಂಡ 41ರ ಯೋಸೇಫ ಅಡ್ಡ ಬರುತ್ತಾನೆ. ಅವನೂ ಏಳು ವರ್ಷ ಧಾನ್ಯ ಕೂಡಿಟ್ಟ, ಆದರೆ ಬರಗಾಲದಲ್ಲಿ ಊರಿಗೆಲ್ಲ ಸಿಗಲಿ ಎಂದು. ಹಾಗಾಗಿ ಧಾರಣೆ ಏರಲಿ ಎಂದು ಅಡಿಕೆ ಮಾರದೆ ಇಟ್ಟುಕೊಂಡವರನ್ನೆಲ್ಲ ಈ ಸಾಮ್ಯ ತೋರಿಸಿ ಬೈಯುವುದು ಸರಿಯಲ್ಲ.

17ರಿಂದ 19ರವರೆಗೆ ಅವನು ಯಾರ ಹತ್ತಿರ ಮಾತಾಡುತ್ತಾನೆ ನೋಡಿ. ತನ್ನ ಹತ್ತಿರವೇ! ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ಕೊನೆಗೆ ನನ್ನ ಜೀವ. ಹೆಂಡತಿ ಮಕ್ಕಳಿಲ್ಲ, ನೆರೆಯವರಿಲ್ಲ, ಕೊಯ್ಲು ಮಾಡಿಕೊಟ್ಟ ಆಳುಗಳಂತೂ ಇಲ್ಲವೇ ಇಲ್ಲ. ನಮ್ಮಲ್ಲಾದರೆ ಅಡಿಕೆಕೊನೆ ಇಳಿಸಿದವರು, ಸರಿರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವರು. ಜೀವವೂ ತನ್ನದೇ ಎಂದುಕೊಂಡವನಿಗೆ ದೇವರು, ಈ ರಾತ್ರಿಯೇ ಅದನ್ನು ನಿನ್ನಿಂದ ಹಿಂದಕ್ಕೆ ಕೇಳುತ್ತಾರೆ ಎನ್ನುತ್ತಾನೆ.

ನುಸಿ ಹಿಡಿಯದ, ಕಳ್ಳರು ಮುಟ್ಟದ ಗಂಟನ್ನು ಪರಲೋಕದಲ್ಲಿ ಮಾಡಿಕೊಳ್ಳಿ ಎಂಬ ಮಾತು 33ರಲ್ಲಿದೆ. ಮತ್ತಾಯ 6:19 ಕೂಡ ನೋಡಿ. ಆ ಕಾಲದಲ್ಲಿ ಬೆಲೆಬಾಳುವ ಬಟ್ಟೆಯೂ ಆಸ್ತಿಯೇ, ಮಣ್ಣಿನ ಗೋಡೆಗೆ ಕನ್ನ ಕೊರೆಯುವುದೂ ಸುಲಭ. ಆಷಾಢದಲ್ಲಿ ಪೆಟ್ಟಿಗೆ ತೆರೆದು ರೇಷ್ಮೆ ಸೀರೆಗೆ ಬೂಷ್ಟು ಹಿಡಿದದ್ದು ಕಂಡವರಿಗೆ ಇಷ್ಟು ಸಾಕು.

ಪರಲೋಕದ ಗಂಟು ಎಂದರೇನು ಅಂತ ಕೇಳಿದರೆ ಪ್ರಾರ್ಥನೆ, ವಾಕ್ಯ, ನಂಬಿಕೆ ಎಂಬ ಉತ್ತರ ತಟ್ಟನೆ ಬರುತ್ತದೆ. ತಪ್ಪಲ್ಲ. ಆದರೆ ಖರ್ಚಿಲ್ಲದ ಉತ್ತರ. ಲೂಕನಲ್ಲಿ ಇರುವುದು ನಿಮಗಿರುವುದನ್ನು ಮಾರಿ ದಾನ ಕೊಡಿ ಎಂದು. 1 ತಿಮೊಥೆಯ 6:17–19ರಲ್ಲೂ ಐಶ್ವರ್ಯವಂತರು ಧಾರಾಳವಾಗಿ ಕೊಡುತ್ತಾ ಮುಂದಿನ ಕಾಲಕ್ಕೆ ಕೂಡಿಟ್ಟುಕೊಳ್ಳಬೇಕು ಎಂದೇ ಇದೆ.

ಎಷ್ಟು ಕೊಡಬೇಕು? ಲೂಕ 18:22ರ ಐಶ್ವರ್ಯವಂತ ಅಧಿಕಾರಿಗೆ ಯೇಸು ಹೇಳಿದ್ದು ಎಲ್ಲವನ್ನೂ ಮಾರು ಎಂದು. 19:8ರಲ್ಲಿ ಸುಂಕದವನಾದ ಜಕ್ಕಾಯ ಬಡವರಿಗೆ ಆಸ್ತಿಯ ಅರ್ಧ ಕೊಡುತ್ತೇನೆ ಅಂದಾಗ ಯೇಸು ಉಳಿದರ್ಧ ಕೇಳಲಿಲ್ಲ. ಅಪೊಸ್ತಲರ ಕೃತ್ಯಗಳು 5:4ರಲ್ಲಿ ಪೇತ್ರನು, ಭೂಮಿ ಮಾರಿ ಹಣ ತಂದುಕೊಟ್ಟ ಅನನೀಯನಿಗೆ, ಮಾರುವ ಮೊದಲೂ ಆ ಭೂಮಿ ನಿನ್ನದೇ, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಕೇಳುತ್ತಾನೆ. ಅವನು ಸಿಕ್ಕಿಬಿದ್ದದ್ದು ಒಂದು ಪಾಲು ಇಟ್ಟುಕೊಂಡು, ಪೂರ್ತಿ ಕೊಟ್ಟಂತೆ ನಟಿಸಿದ್ದಕ್ಕೆ.