ದೂರ ಸರಿದ ಕಣ್ಣುಗೂಡು: ಒಂದು ಶಸ್ತ್ರಚಿಕಿತ್ಸೆಯ ಹಿನ್ನೆಲೆ

ಮುಂಬಯಿಯ ಪರೇಲಿನಲ್ಲಿ ಕೆಇಎಂ, ವಾಡಿಯಾ, ಟಾಟಾ ಆಸ್ಪತ್ರೆಗಳ ಆಸುಪಾಸಿನ ಬೀದಿಗಳಲ್ಲಿ ಬೆಳಿಗ್ಗೆ ಏಳಕ್ಕೇ ಕನ್ನಡ ಕಿವಿಗೆ ಬೀಳುತ್ತದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದವರ ಜೊತೆ ಮರಾಠಿ ಮಾತಾಡಿಕೊಡಲು ಕೇಸ್ ಪೇಪರಿನ ಸಾಲಿಗೆ ಹೋಗುವುದು ಇಲ್ಲಿನ ಕನ್ನಡಿಗರಿಗೆ ಹಳೆಯ ರೂಢಿ. ಹಾಗೆ ಹೋದಾಗೊಮ್ಮೆ ನಾಲ್ಕು ವರ್ಷದ ಹುಡುಗಿಯೊಬ್ಬಳನ್ನು ಕಂಡೆ. ಅವಳ ಮೂಗಿನ ಬುಡ ಮೂರು ಬೆರಳು ಅಗಲವಿದ್ದು ಕನ್ನಡಕ ನಿಲ್ಲುತ್ತಿರಲಿಲ್ಲವಾದ್ದರಿಂದ, ತಾಯಿ ಅದನ್ನು ದಾರದಿಂದ ತಲೆಯ ಹಿಂದೆ ಕಟ್ಟಿದ್ದರು. "ಕಣ್ಣ ತಗದು ಕೂಡಸ್ತಾರೇನ್ರಿ?" ಎಂಬುದು ಆಕೆಯ ಭಯ.

ಕಣ್ಣನ್ನು ತೆಗೆಯುವುದಿಲ್ಲ, ಅದನ್ನು ಹೊತ್ತ ಎಲುಬಿನ ಗೂಡನ್ನೇ ಸರಿಸುತ್ತಾರೆ. ಎರಡೂ ಕಣ್ಣುಗೂಡುಗಳು ಒಂದರಿಂದೊಂದು ದೂರವಿರುವ, ಹೈಪರ್‌ಟೆಲೋರಿಸಂ ಎಂದು 1924ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಗ್ರೇಗ್ ಹೆಸರಿಟ್ಟ ಈ ಸ್ಥಿತಿಗೆ ನಾಲ್ಕು ದಶಕಗಳ ಕಾಲ ಚರ್ಮ, ಮೂಗುಗಳನ್ನು ಮೇಲಿಂದ ಮೇಲೆ ತಿದ್ದುವುದಷ್ಟೇ ಉಪಾಯವಾಗಿತ್ತು. ಕಣ್ಣುಗೂಡಿನ ಮೇಲ್ಛಾವಣಿಯೇ ಮಿದುಳಿನ ನೆಲ. ಅಲ್ಲಿ ಕೊರೆದು ಮೂಗಿನ ಸೋಂಕು ಮಿದುಳಿಗೆ ಹತ್ತಿದರೆ ಪ್ರಾಣಕ್ಕೇ ಕುತ್ತು.

ಈ ಗಡಿಯನ್ನು ದಾಟಿದವರು ಫ್ರಾನ್ಸಿನ ಪ್ಲಾಸ್ಟಿಕ್ ಸರ್ಜನ್ ಪಾಲ್ ಟೆಸಿಯೆ ಮತ್ತು ನರಶಸ್ತ್ರಜ್ಞ ಝೆರಾರ್ ಗ್ಯುಯೋ. ಹಣೆಯ ಎಲುಬು ತೆರೆದು, ಮಿದುಳನ್ನು ಮೆಲ್ಲಗೆ ಮೇಲೆತ್ತಿ, ಗೂಡನ್ನು ಸುತ್ತಲೂ ಬಿಡಿಸಿ, ನಡುವಿನ ಹೆಚ್ಚುವರಿ ಎಲುಬನ್ನು ತೆಗೆದು ಎರಡನ್ನೂ ಒಳಕ್ಕೆ ತರುವ ಈ ಕ್ರಮವನ್ನು ಟೆಸಿಯೆ 1967ರಲ್ಲಿ ರೋಮ್ ಸಮ್ಮೇಳನದಲ್ಲಿ ಮಂಡಿಸಿದರು. ಮೊದಮೊದಲು ಅವರು ಮಿದುಳಿನ ಪೊರೆಯನ್ನು ಚರ್ಮದ ತೇಪೆಯಿಂದ ಭದ್ರಪಡಿಸಿ, ತಿಂಗಳುಗಳ ನಂತರವೇ ಎಲುಬಿಗೆ ಕೈ ಹಚ್ಚುತ್ತಿದ್ದರು. ಧೈರ್ಯಕ್ಕಿಂತ ಈ ತಾಳ್ಮೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ದೃಷ್ಟಿನರ ಗೂಡನ್ನು ಹೊಕ್ಕುವ ರಂಧ್ರದ ಮುಂಭಾಗದಲ್ಲೇ ಎಲುಬನ್ನು ಕತ್ತರಿಸುವುದರಿಂದ, ಮತ್ತು ಆ ನರಕ್ಕೆ ಸ್ವಲ್ಪ ಸಡಿಲವೂ ಇರುವುದರಿಂದ, ಗೂಡಿನೊಡನೆ ಕಣ್ಣೂ ಸರಿಯುತ್ತದೆ. ಆದರೂ ದೃಷ್ಟಿಹಾನಿ, ಮಿದುಳ ನೀರಿನ ಸೋರಿಕೆ, ಸೋಂಕುಗಳ ಅಪಾಯ ಪೂರ್ತಿ ಇಲ್ಲವಾಗಿಲ್ಲ.

1970ರಲ್ಲಿ ನ್ಯೂಯಾರ್ಕಿನ ಜಾನ್ ಕಾನ್ವರ್ಸ್ ಮತ್ತು ಸಂಗಡಿಗರು ವಾಸನೆಯ ನರಗಳು ಹಾಯುವ ಜರಡಿಯಂಥ ಎಲುಬನ್ನು ಉಳಿಸಿಕೊಳ್ಳುವ ದಾರಿ ತೋರಿಸಿದರು. 1979ರಲ್ಲಿ ನೆದರ್ಲೆಂಡ್ಸಿನ ವ್ಯಾನ್ ಡೆರ್ ಮ್ಯೂಲೆನ್ ಮುಖದ ಎಲುಬನ್ನು ನಡುವೆ ಸೀಳಿ ಎರಡು ಪಾಲನ್ನೂ ಒಳಕ್ಕೆ ತಿರುಗಿಸುವ ಕ್ರಮವನ್ನು ವಿವರಿಸಿದರು.

ಕಣ್ಣು ದೂರ ಕಂಡ ಮಾತ್ರಕ್ಕೆ ಇಷ್ಟೆಲ್ಲ ಬೇಕಾಗದು. ಒಳಮೂಲೆಯ ಚರ್ಮವಷ್ಟೇ ಅಗಲವಾಗಿದ್ದು ಗೂಡು ಸರಿಯಾಗಿರಬಹುದು. ಆದ್ದರಿಂದ ಸಿಟಿ ಸ್ಕ್ಯಾನಿನಲ್ಲಿ ಎಲುಬಿನಿಂದ ಎಲುಬಿಗೆ ಅಳೆಯುತ್ತಾರೆ. ದೊಡ್ಡವರಲ್ಲಿ ಆ ಅಂತರ ಸುಮಾರು 25 ಮಿಲಿಮೀಟರ್. ಟೆಸಿಯೆ 30ರಿಂದ 34ನ್ನು ತೀವ್ರತೆಯ ಮೊದಲ ದರ್ಜೆ, 35ರಿಂದ 39ನ್ನು ಎರಡನೆಯದು, 40 ಮತ್ತು ಮೇಲ್ಪಟ್ಟದ್ದನ್ನು ಮೂರನೆಯದು ಎಂದರು.

ಆ ದಿನ ವೈದ್ಯರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು, ಗೂಡಿನ ಅಡಿಯಲ್ಲೇ ಸಾಲಾಗಿದ್ದ ಬಿಳಿ ಚುಕ್ಕೆಗಳ ಮೇಲೆ ಪೆನ್ನಿನ ತುದಿ ಇಟ್ಟರು. ಇನ್ನೂ ಹುಟ್ಟದ ಹಲ್ಲುಗಳು. ಈಗಲೇ ಕತ್ತರಿಸಿದರೆ ಅವು ಕೆಡುತ್ತವೆ, ಕೆಳಗಿಳಿಯಲಿ, ಎರಡು ಮೂರು ವರ್ಷ ಬಿಟ್ಟು ಬನ್ನಿ ಎಂದರು. ಅದನ್ನು ಕನ್ನಡದಲ್ಲಿ ತಿಳಿಸಿದೆ. ತಾಯಿ ಮಗಳ ಬಾಯಿ ತೆರೆಸಿ, ಒಳಗೆ ನೋಡಿದರು.